ಬೆಳ್ಳಗಿರುವುದೆಲ್ಲ ಹಾಲಲ್ಲ

ದೂರದಿಂದ ನೋಡುವವರಿಗೆ ಹಿಮವೆಂದರೆ ಬೆಟ್ಟದ ಮೇಲೆ ಹರವಿದ ಹತ್ತಿ. ಅದರ ಮೇಲೆ ನಡೆಯಬೇಕಾದವನಿಗೆ ಮಾತ್ರ ಅದು ಗರಿ ಗರಿಯಾಗಿ ಬಿಡಿಸಿ ಓದಬೇಕಾದ ಓಲೆಯ ಕಟ್ಟು. ಓದಲು ಬಾರದವನು ತೆರುವ ದಂಡ ಪ್ರಾಣವೇ.

೨೦೧೬ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಕನ್ನಡ ನಾಡಿನ ಮನೆಮನೆಯಲ್ಲಿಯೂ ಒಂದು ಹೆಸರು ಕೇಳಿಬರುತ್ತಿದ್ದಿತು. ಧಾರವಾಡ ಜಿಲ್ಲೆಯ ಬೆಟದೂರು ಎಂಬ ಹಳ್ಳಿಯ ಯೋಧ, ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಹೆಸರು ಅದು. ಆ ತಿಂಗಳ ಮೂರನೆಯ ತಾರೀಖು ಸಿಯಾಚಿನ್ ಹಿಮನದಿಯ ಮೇಲೆ, ಸುಮಾರು ೧೯,೬೦೦ ಅಡಿ ಎತ್ತರದಲ್ಲಿರುವ ಸೋನಂ ಎಂಬ ಠಾಣೆಯ ಮೇಲೆ ನೀರ್ಗಲ್ಲಿನ ದೊಡ್ಡ ಗೋಡೆಯೊಂದು ಕಳಚಿ ಬಿದ್ದಿತು. ಮದರಾಸು ರೆಜಿಮೆಂಟಿನ ಹತ್ತು ಮಂದಿ ಅದರ ಕೆಳಗೆ ಹೂತುಹೋದರು. ಯಾರೂ ಬದುಕಿರಲಾರರೆಂದು ಲೋಕವೆಲ್ಲ ನಂಬಿಬಿಟ್ಟಿದ್ದಿತು. ಸೈನಿಕರು ಮಾತ್ರ ಕಲ್ಲಿನಂತೆ ಗಟ್ಟಿಯಾದ ಮಂಜುಗಡ್ಡೆಯನ್ನು ಯಂತ್ರಗಳಿಂದ ಕತ್ತರಿಸುತ್ತ, ಮಿಶಾ ಮತ್ತು ಡಾಟ್ ಎಂಬ ಎರಡು ನಾಯಿಗಳ ಮೂಗನ್ನು ನಂಬಿ ಅಗೆಯುತ್ತಲೇ ಇದ್ದರು. ಆರನೆಯ ದಿನ ಸುಮಾರು ಇಪ್ಪತ್ತೈದು ಅಡಿಗಳ ಆಳದಲ್ಲಿ ಹನುಮಂತಪ್ಪನವರು ಸಿಕ್ಕಿದರು. ಅವರಿನ್ನೂ ಉಸಿರಾಡುತ್ತಿದ್ದರು!

ಆ ಸುದ್ದಿ ಬಂದ ರಾತ್ರಿ ಬೆಟದೂರಿನಲ್ಲಿ ಯಾರು ಕಣ್ಣು ಮುಚ್ಚಿದ್ದಾರು? ಅವರನ್ನು ವಿಮಾನದಲ್ಲಿ ದೆಹಲಿಗೆ ತಂದರು. ದೇಶದ ಮೂಲೆ ಮೂಲೆಗಳಲ್ಲಿ ಪ್ರಾರ್ಥನೆಗಳು ನಡೆದುವು. ಆದರೆ ಫೆಬ್ರವರಿ ೧೧ರಂದು ಆ ವೀರನ ಪ್ರಾಣಪಕ್ಷಿ ಹಾರಿಹೋಯಿತು. ಉಳಿದ ಒಂಬತ್ತು ಮಂದಿ ಹಿಮದಲ್ಲಿಯೇ ಮಡಿದಿದ್ದರು. ಅವರಲ್ಲಿ ಹಾಸನ ಮತ್ತು ಮೈಸೂರು ಜಿಲ್ಲೆಗಳ ಯೋಧರೂ ಇದ್ದರು.

ಹಿಮದಲ್ಲಿ ಸಂಪೂರ್ಣವಾಗಿ ಹೂತವನು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಉಸಿರುಕಟ್ಟಿ ಸಾಯುತ್ತಾನೆ. ಹನುಮಂತಪ್ಪನವರು ಆರು ದಿನ ಬದುಕಿದುದಕ್ಕೆ ಅವರ ಛಲದೊಡನೆ ಇನ್ನೊಂದು ಕಾರಣವೂ ಇದ್ದಿತು. ಅವರಿದ್ದ ಗುಡಾರ ಕುಸಿದಾಗ ಅದರೊಳಗೆ ಒಂದಿಷ್ಟು ಗಾಳಿಯ ಟೊಳ್ಳು ಉಳಿದುಕೊಂಡಿದ್ದಿತು. ಅಂತಹ ಅದೃಷ್ಟ ಸಾವಿರದಲ್ಲಿ ಒಬ್ಬನಿಗೂ ದೊರೆಯುವುದಿಲ್ಲ. ಆದುದರಿಂದಲೇ ಹಿಮಪ್ರದೇಶಕ್ಕೆ ಕಾಲಿಡುವವನು ಹಿಮದ ಸ್ವಭಾವವನ್ನು ಮೊದಲೇ ಅರಿತಿರಬೇಕು. ಯೋಧನಿಗೆ ಅಲ್ಲಿರುವುದು ಕರ್ತವ್ಯ. ಅವನು ಠಾಣೆಯನ್ನು ಬಿಟ್ಟು ಬರುವಂತಿಲ್ಲ. ಆದರೆ ರಜೆ ಹಾಕಿ, ಚೀಲ ಬೆನ್ನಿಗೇರಿಸಿ, ಸಂತೋಷಕ್ಕಾಗಿ ಹಿಮಾಲಯಕ್ಕೆ ಹೋಗುವವನಿಗೆ ಹಿಂದಿರುಗುವ ಸ್ವಾತಂತ್ರ್ಯವಿದೆ. ಆ ಸ್ವಾತಂತ್ರ್ಯವನ್ನು ಯಾವಾಗ ಬಳಸಬೇಕೆಂಬುದೇ ಹಿಮವಿದ್ಯೆಯ ಸಾರವೆಂದರೆ ತಪ್ಪಾಗಲಾರದು.

ನಮಗೆ ಹೊಸದಾದ ಮಾತು

ಕನ್ನಡಿಗನಿಗೆ ಹಿಮವೆಂದರೆ ಮಾಗಿಯ ಬೆಳಗಿನಲ್ಲಿ ಗರಿಕೆಯ ತುದಿಯಲ್ಲಿ ನಿಂತ ಹನಿ, ಇಲ್ಲವೆ ಮಡಿಕೇರಿಯ ಕಣಿವೆಯನ್ನು ತುಂಬಿದ ಮಂಜು. ನೆಲದ ಮೇಲೆ ಆಳೆತ್ತರ ಬಿದ್ದು ತಿಂಗಳುಗಟ್ಟಲೆ ಕರಗದೆ ನಿಲ್ಲುವ ಹಿಮವನ್ನು ನಮ್ಮ ಹಿರಿಯರು ಕಂಡವರಲ್ಲ. ಅದಕ್ಕಾಗಿ ನಮ್ಮ ಭಾಷೆಯೂ ಬೇರೆ ಬೇರೆ ಹೆಸರುಗಳನ್ನಿಟ್ಟುಕೊಳ್ಳಲಿಲ್ಲ. ಆಕಾಶದಿಂದ ಹಿಮ ಬೀಳುವುದನ್ನೂ ಹಿಮಪಾತವೆನ್ನುತ್ತೇವೆ, ಬೆಟ್ಟದ ಮೇಲಿನ ಹಿಮರಾಶಿ ಕಳಚಿ ಜಾರುವುದನ್ನೂ ಹಿಮಪಾತವೆಂದೇ ಬರೆಯುತ್ತೇವೆ. ಇವೆರಡರ ನಡುವಣ ಅಂತರ ಸೋನೆಮಳೆಗೂ ಕೆರೆಯ ಕಟ್ಟೆ ಒಡೆಯುವುದಕ್ಕೂ ಇರುವಷ್ಟು ದೊಡ್ಡದು. ಆದ ಕಾರಣ ಎರಡನೆಯದನ್ನು ಇಲ್ಲಿ ಹಿಮಕುಸಿತವೆಂದು ಕರೆಯುವುದು ಲೇಸು.

ಹಿಮಕುಸಿತಗಳಲ್ಲಿಯೂ ಬಗೆಗಳುಂಟು. ಸಿಯಾಚಿನ್ನಿನಲ್ಲಿ ಆದಂತೆ ನೀರ್ಗಲ್ಲಿನ ಗೋಡೆಯೇ ಮುರಿದು ಬೀಳುವುದು ಒಂದು ಬಗೆ. ಇದಕ್ಕೆ ಹೊತ್ತುಗೊತ್ತಿಲ್ಲ. ಹೊಸದಾಗಿ ಬಿದ್ದ ಪುಡಿಹಿಮವು ಒಂದು ಬಿಂದುವಿನಿಂದ ಹೊರಟು ಕೆಳಕೆಳಗೆ ಅಗಲವಾಗುತ್ತ ಹರಿಯುವುದು ಇನ್ನೊಂದು. ವಸಂತದ ಬಿಸಿಲಿಗೆ ನೆನೆದ ಹಿಮ ಹೂಳಿನಂತೆ ಭಾರವಾಗಿ ಜಾರುವುದು ಮತ್ತೊಂದು. ಆದರೆ ಚಾರಣಿಗರನ್ನೂ ಹಿಮದ ಮೇಲೆ ಜಾರುವ ಆಟಗಾರರನ್ನೂ ಎಲ್ಲಕ್ಕಿಂತ ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಚಪ್ಪಡಿ ಕುಸಿತ. ಗಟ್ಟಿಯಾದ ಹಿಮದ ಒಂದು ದೊಡ್ಡ ಹಲಗೆಯೇ ತನ್ನ ಕೆಳಗಣ ಪದರದಿಂದ ಬಿಟ್ಟುಕೊಂಡು, ಚೂರು ಚೂರಾಗಿ ಒಡೆದು ಇಳಿದುಬರುವ ಕುಸಿತವಿದು.

ಪದರ ಪದರದ ಕಥೆ

ಬೆಟ್ಟದ ಮೇಲೆ ಬಿದ್ದ ಹಿಮ ಒಂದೇ ರಾಶಿಯಲ್ಲ. ಒಂದೊಂದು ಬಿರುಗಾಳಿಯೂ ಒಂದೊಂದು ಪದರವನ್ನು ಹಾಸಿ ಹೋಗುತ್ತದೆ. ನಡುನಡುವೆ ಬಿಸಿಲು ಬಂದು ಮೇಲ್ಮೈಯನ್ನು ಕರಗಿಸಿ, ರಾತ್ರಿಯ ಚಳಿ ಅದನ್ನು ಹಪ್ಪಳದಂತೆ ಗರಿಯಾಗಿಸುತ್ತದೆ. ಗಾಳಿ ಬೀಸಿ ಒಂದು ಮಗ್ಗುಲಿನ ಹಿಮವನ್ನು ಗುಡಿಸಿ ಮತ್ತೊಂದು ಮಗ್ಗುಲಿಗೆ ಒತ್ತಿಡುತ್ತದೆ. ಹೀಗೆ ಆ ವರ್ಷದ ಚಳಿಗಾಲದ ಪಂಚಾಂಗವೆಲ್ಲ ಹಿಮದೊಳಗೆ ಬರೆದಿರುತ್ತದೆ. ಬಲ್ಲವನು ಅಲ್ಲಿ ಒಂದು ಗುಂಡಿ ತೋಡಿ, ಅದರ ಗೋಡೆಯನ್ನು ನೋಡಿ, ಯಾವ ವಾರ ಹಿಮ ಬಿದ್ದಿತು, ಯಾವ ವಾರ ಬಿಸಿಲು ಕಾಯಿತು ಎಂದು ಹೇಳಬಲ್ಲ.

ಎಲ್ಲ ಪದರಗಳೂ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಭಯವಿಲ್ಲ. ಆದರೆ ಕೆಲವು ಪದರಗಳಿಗೆ ಹಿಡಿತವೇ ಇರುವುದಿಲ್ಲ. ಮೋಡವಿಲ್ಲದ ಕಡುಚಳಿಯ ರಾತ್ರಿಯಲ್ಲಿ ಹಿಮದ ಮೇಲ್ಮೈಯಲ್ಲಿ ಗಾಳಿಯ ತೇವವು ಹೆಪ್ಪುಗಟ್ಟಿ ಹಕ್ಕಿಯ ಗರಿಯಂತಹ ಹರಳುಗಳಾಗುತ್ತದೆ. ಬೆಳಗಿನ ಬಿಸಿಲಿನಲ್ಲಿ ಅವು ವಜ್ರದ ಹರಳಿನಂತೆ ಮಿನುಗುವುದನ್ನು ನೋಡಿ ಪ್ರವಾಸಿಗರು ಮೈಮರೆಯುತ್ತಾರೆ. ಮರುದಿನ ಅವುಗಳ ಮೇಲೆ ಹೊಸ ಹಿಮ ಬಿದ್ದರೆ ಆ ಸೌಂದರ್ಯವೇ ಸೆರೆಯಾಗಿ, ಮುಂದೆ ವಾರಗಳ ಕಾಲ ಮೃತ್ಯುವಿನ ಮೆಟ್ಟಿಲಾಗಿ ಕುಳಿತಿರುತ್ತದೆ.

ಇನ್ನೊಂದು ಬಗೆಯ ದುರ್ಬಲ ಪದರ ತಳದಲ್ಲಿ ಹುಟ್ಟುತ್ತದೆ. ಹಿಮದ ಅಡಿಯ ನೆಲ ಹೆಚ್ಚು ಕಡಮೆ ಸೊನ್ನೆ ಡಿಗ್ರಿಯಲ್ಲಿರುತ್ತದೆ. ಮೇಲಿನ ಗಾಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿರಬಹುದು. ನಡುವಣ ಹಿಮ ತೆಳುವಾಗಿದ್ದರೆ ಬೆಚ್ಚನೆಯ ತಳದಿಂದ ತಣ್ಣನೆಯ ಮೇಲ್ಭಾಗಕ್ಕೆ ಆವಿ ಏರುತ್ತದೆ. ಅದು ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟಿ ದೊಡ್ಡ ದೊಡ್ಡ ಹರಳುಗಳಾಗುತ್ತದೆ. ಹೀಗಾದ ಹಿಮವನ್ನು ಅಂಗೈಯಲ್ಲಿ ಹಿಡಿದರೆ ದಪ್ಪ ಸಕ್ಕರೆಯಂತೆ ಬೆರಳ ಸಂದಿನಿಂದ ಸುರಿದುಹೋಗುತ್ತದೆ, ಎಷ್ಟು ಒತ್ತಿದರೂ ಉಂಡೆ ಕಟ್ಟುವುದಿಲ್ಲ. ಸಕ್ಕರೆ ಚೆಲ್ಲಿದ ಇಳಿಜಾರಿನ ಮೇಲೆ ಕಲ್ಲಿನ ಚಪ್ಪಡಿಯನ್ನಿಟ್ಟರೆ ಹೇಗೋ, ಇದರ ಮೇಲೆ ಬಿದ್ದ ಹಿಮದ ಸ್ಥಿತಿ ಹಾಗೆ.

ನಮ್ಮ ಹಿಮಾಲಯದಲ್ಲಿ ಹಿಮದ ಸ್ವಭಾವ ಎಲ್ಲೆಡೆಯೂ ಒಂದೇ ಅಲ್ಲ. ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡಗಳು ಮೊದಲು ಪೀರ್ ಪಂಜಾಲ್ ಶ್ರೇಣಿಗೆ ಢಿಕ್ಕಿ ಹೊಡೆದು ಅಲ್ಲಿ ಹೇರಳವಾಗಿ ಹಿಮವನ್ನು ಸುರಿಸುತ್ತವೆ. ಅಲ್ಲಿನ ಹವೆ ಅಷ್ಟೇನೂ ಕಡುಚಳಿಯದಲ್ಲ. ಅಲ್ಲಿಂದ ಉತ್ತರಕ್ಕೆ ಕಾರಕೋರಂ ಶ್ರೇಣಿಯನ್ನು ಮುಟ್ಟುವ ಹೊತ್ತಿಗೆ ಚಳಿ ಭೀಕರವಾಗಿರುತ್ತದೆ. ಸಕ್ಕರೆಯಂತಹ ದುರ್ಬಲ ಪದರ ಬೆಳೆಯುವುದಕ್ಕೆ ಇಂತಹ ಒಣಚಳಿಯೇ ಹದ. ಒಂದೇ ದೇಶದ ಒಂದೇ ಪರ್ವತವಾದರೂ ಗುಲ್ಮಾರ್ಗದಲ್ಲಿ ಕಲಿತ ಪಾಠ ಲಡಾಖಿನಲ್ಲಿ ಹಾಗೆಯೇ ಅನ್ವಯಿಸುವುದಿಲ್ಲ.

ಮನೆಯ ಮೆಟ್ಟಿಲಿನಷ್ಟು ಓರೆ

ಎಂತಹ ಬೆಟ್ಟದ ಹಿಮ ಜಾರುತ್ತದೆ? ಬಹಳ ಕಡಿದಾದ ಬಂಡೆಯಂತಹ ಬೆಟ್ಟವೆಂದು ಅನೇಕರು ಊಹಿಸುವುದುಂಟು. ವಾಸ್ತವವಾಗಿ ತೀರ ಕಡಿದಾದ ಕಡೆ ಹಿಮ ನಿಲ್ಲುವುದೇ ಇಲ್ಲ. ಬೀಳುಬೀಳುತ್ತಲೇ ಸ್ವಲ್ಪ ಸ್ವಲ್ಪವಾಗಿ ಉದುರಿಹೋಗುತ್ತದೆ. ತೀರ ಸಪಾಟಾದ ಕಡೆ ಅದು ಜಾರುವುದಿಲ್ಲ. ಬಹುಪಾಲು ಚಪ್ಪಡಿ ಕುಸಿತಗಳು ನಡೆಯುವುದು ೩೦ರಿಂದ ೪೫ ಡಿಗ್ರಿ ಓರೆಯಿರುವ ಇಳಿಜಾರುಗಳಲ್ಲಿ. ಮೂವತ್ತು ಡಿಗ್ರಿಯೆಂದರೆ ಎಷ್ಟು? ಸಾಧಾರಣವಾದ ಮಹಡಿಮನೆಯ ಮೆಟ್ಟಿಲ ಸಾಲಿನ ಓರೆ ಹೆಚ್ಚು ಕಡಮೆ ಅಷ್ಟೇ ಇರುತ್ತದೆ. ಅಂದರೆ ನಡೆಯಲು, ಜಾರಿ ಆಡಲು ಅತ್ಯಂತ ಸೊಗಸಾಗಿ ಕಾಣುವ ಇಳಿಜಾರೇ ಅತ್ಯಂತ ಅಪಾಯದ ಇಳಿಜಾರು!

ಗಾಳಿಯ ಪಾತ್ರವೂ ಸಣ್ಣದಲ್ಲ. ಗಾಳಿ ಬೀಸುವ ಮಗ್ಗುಲಿನ ಹಿಮವನ್ನು ಕೆರೆದು, ಶಿಖರದ ಏಣಿನ ಮೇಲಿಂದ ಹಾರಿಸಿ, ಮರೆಯ ಮಗ್ಗುಲಿನಲ್ಲಿ ಪೇರಿಸುತ್ತದೆ. ಆಕಾಶದಿಂದ ಒಂದಂಗುಲ ಹಿಮವೂ ಬೀಳದ ದಿನ ಆ ಮರೆಯಲ್ಲಿ ಅಡಿಗಟ್ಟಲೆ ಹಿಮ ಸೇರಬಹುದು. ಮೇಲೆ ಏಣಿನಿಂದ ಹಿಮದ ಸೂರು ಚಾಚಿಕೊಂಡಿದ್ದರೆ ಕೆಳಗೆ ಗಾಳಿ ಕಟ್ಟಿದ ಚಪ್ಪಡಿಯಿದೆಯೆಂದು ತಿಳಿಯಬೇಕು.

ಆ ಚಪ್ಪಡಿಯ ಭಾರವನ್ನು ಒಮ್ಮೆ ಲೆಕ್ಕ ಹಾಕಿ ನೋಡಬಹುದು. ಅರ್ಧ ಮೀಟರು ದಪ್ಪ, ೫೦ ಮೀಟರು ಅಗಲ, ೮೦ ಮೀಟರು ಉದ್ದದ ಒಂದು ಸಾಧಾರಣ ತುಂಡನ್ನೇ ತೆಗೆದುಕೊಳ್ಳೋಣ. ಅದು ೨,೦೦೦ ಘನಮೀಟರು ಹಿಮ. ಘನಮೀಟರಿಗೆ ೨೦೦ ಕಿಲೋಗ್ರಾಂ ಎಂದರೂ ನಾನೂರು ಟನ್ನಾಯಿತು. ಹತ್ತು ಟನ್ನಿನ ನಲವತ್ತು ಲಾರಿಗಳ ಹೊರೆ ಒಟ್ಟಿಗೆ ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಇಳಿದುಬಂದರೆ ಮನುಷ್ಯನ ದೇಹ ಯಾವ ಲೆಕ್ಕ? ಪುಡಿಹಿಮದ ಮೋಡವನ್ನೆಬ್ಬಿಸಿಕೊಂಡು ಬರುವ ದೊಡ್ಡ ಕುಸಿತಗಳಂತೂ ಗಂಟೆಗೆ ೩೦೦ ಕಿಲೋಮೀಟರು ವೇಗವನ್ನು ಮುಟ್ಟುವುದುಂಟು.

ಕಾಲಿಟ್ಟವನೇ ಕಾರಣ

ಕೂಗಿದರೆ ಹಿಮ ಕುಸಿಯುತ್ತದೆಂದು ಚಲನಚಿತ್ರಗಳು ತೋರಿಸಿಕೊಟ್ಟಿವೆ. ಅದು ಕಟ್ಟುಕಥೆ. ಮನುಷ್ಯನ ಕಂಠಕ್ಕೆ ಅಷ್ಟು ಬಲವಿಲ್ಲ. ಆದರೆ ಮನುಷ್ಯನ ಪಾದಕ್ಕೆ ಆ ಬಲವಿದೆ. ಪರ್ವತಗಳಲ್ಲಿ ವಿಹಾರಕ್ಕೆಂದು ಹೋಗಿ ಹಿಮಕುಸಿತದಲ್ಲಿ ಸತ್ತವರ ದುರಂತಗಳನ್ನು ಪರಿಶೀಲಿಸಿದ ತಜ್ಞರು ಕಂಡ ಸತ್ಯ ಬೆರಗು ಹುಟ್ಟಿಸುವಂಥದು: ಹತ್ತರಲ್ಲಿ ಸುಮಾರು ಒಂಬತ್ತು ಸಂದರ್ಭಗಳಲ್ಲಿ ಕುಸಿತವನ್ನು ಹೊರಡಿಸಿದವನು ಸ್ವತಃ ಆ ಬಲಿಯೇ, ಇಲ್ಲವೆ ಅವನ ಜೊತೆಗಾರನೇ.

ನಾನೂರು ಟನ್ನಿನ ಚಪ್ಪಡಿಯನ್ನು ಎಪ್ಪತ್ತು ಕಿಲೋಗ್ರಾಮಿನ ಮನುಷ್ಯ ಕದಲಿಸುವುದು ಹೇಗೆ? ಅವನು ಅದನ್ನು ತಳ್ಳಬೇಕಾಗಿಯೇ ಇಲ್ಲ. ಅದು ಆಗಲೇ ಜಾರಲು ಸಿದ್ಧವಾಗಿ, ದುರ್ಬಲ ಪದರದ ತೆಳು ಹಿಡಿತದಲ್ಲಿ ತೂಗಾಡುತ್ತಿರುತ್ತದೆ. ಅವನ ಹೆಜ್ಜೆಯ ಒತ್ತಡದಿಂದ ಆ ಪದರ ಒಂದು ಕಡೆ ಮುರಿದರೆ ಸಾಕು, ಬಿರುಕು ಕ್ಷಣಾರ್ಧದಲ್ಲಿ ಇಡೀ ಇಳಿಜಾರಿನ ಅಡಿಯಲ್ಲಿ ಹಬ್ಬಿಬಿಡುತ್ತದೆ. ಕೆಲವು ವೇಳೆ ಬೆಟ್ಟದ ಬುಡದ ಸಮತಟ್ಟಿನಲ್ಲಿ ನಡೆಯುವವನ ಹೆಜ್ಜೆಗೇ ಬಿರುಕು ಓಡಿ, ಮೇಲಿನ ಇಳಿಜಾರು ಅವನ ತಲೆಯ ಮೇಲೆ ಬರುವುದುಂಟು. ಮುಂದೆ ಹೋದ ನಾಲ್ವರು ಸುರಕ್ಷಿತವಾಗಿ ದಾಟಿದರೆಂಬುದು ಐದನೆಯವನಿಗೆ ಅಭಯವಲ್ಲ. ಚಪ್ಪಡಿ ತೆಳುವಾಗಿರುವ ಜಾಗದ ಮೇಲೆ ಐದನೆಯವನ ಕಾಲೇ ಬೀಳಬಹುದು.

೨೦೨೨ರ ಅಕ್ಟೋಬರ್ ೪ರ ಬೆಳಗ್ಗೆ ಉತ್ತರಾಖಂಡದ 'ದ್ರೌಪದಿ ಕಾ ಡಾಂಡಾ' ಎಂಬ ಶಿಖರದ ಮಗ್ಗುಲಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿಯ ತಂಡವೊಂದು ಹಿಮಕುಸಿತಕ್ಕೆ ಸಿಕ್ಕಿತು. ಹಿಮವು ಅವರನ್ನು ಎಳೆದೊಯ್ದು ನೀರ್ಗಲ್ಲಿನ ಬಿರುಕಿನೊಳಗೆ ತಳ್ಳಿತು. ಇಪ್ಪತ್ತೇಳು ದೇಹಗಳು ದೊರೆತುವು. ಇಬ್ಬರು ಸಿಕ್ಕಲೇ ಇಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಹದಿನಾರು ದಿನಗಳ ಅಂತರದಲ್ಲಿ ಎವರೆಸ್ಟ್ ಮತ್ತು ಮಕಾಲು ಶಿಖರಗಳೆರಡನ್ನೂ ಏರಿ ಕೀರ್ತಿ ಗಳಿಸಿದ್ದ ಸವಿತಾ ಕನ್ಸ್ವಾಲ್ ಅವರು ಮಡಿದವರಲ್ಲಿ ಒಬ್ಬರು. ಕರ್ನಾಟಕದಿಂದ ಕಲಿಯಲು ಹೋಗಿದ್ದ ಇಬ್ಬರು ತರುಣರೂ ಅಲ್ಲಿಯೇ ಅಸುನೀಗಿದರು. ಎವರೆಸ್ಟನ್ನು ಏರಿದವರೆಂದು ಹಿಮ ಯಾರಿಗೂ ರಿಯಾಯಿತಿ ತೋರುವುದಿಲ್ಲ.

೨೦೨೩ರ ಫೆಬ್ರವರಿ ೧ರಂದು ಗುಲ್ಮಾರ್ಗದ ಅಫರ್ವತ್ ಪರ್ವತದಲ್ಲಿ, ಕಾವಲಿನ ಎಲ್ಲೆಯಾಚೆಯ ಇಳಿಜಾರಿನಲ್ಲಿ, ಇಬ್ಬರು ಪೋಲಿಷ್ ಆಟಗಾರರು ಹಿಮಕುಸಿತಕ್ಕೆ ಬಲಿಯಾದರು. ಕೇಬಲ್ ಕಾರು ಅಷ್ಟೆತ್ತರಕ್ಕೆ ಸುಖವಾಗಿ ತಲಪಿಸುತ್ತದೆ, ನಿಜ. ಆದರೆ ಏರಲು ಪಟ್ಟ ಶ್ರಮ ಕಡಮೆಯಾದಷ್ಟೂ ಹಿಮವನ್ನು ನೋಡಿ ಅರಿಯಲು ದೊರೆಯುವ ವ್ಯವಧಾನವೂ ಕಡಮೆಯಾಗುತ್ತದೆ.

ಹಿಮ ಕೊಡುವ ಸೂಚನೆಗಳು

ಹಿಮ ಕುಸಿಯುವ ಮೊದಲು ಮಾತಾಡುವುದೇ ಇಲ್ಲವೆಂದು ಹೇಳುವಂತಿಲ್ಲ. ಹತ್ತಿರದ ಇದೇ ಬಗೆಯ ಇಳಿಜಾರಿನಲ್ಲಿ ಹೊಸ ಕುಸಿತದ ಗುರುತಿದ್ದರೆ ಅದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಇನ್ನೊಂದಿಲ್ಲ. ಹೆಜ್ಜೆಯಿಟ್ಟಾಗ ಹಿಮದ ಒಳಗಿನಿಂದ 'ಧುಂ' ಎಂದು ತುಂಬಿದ ಮೂಟೆ ಬಿದ್ದಂತೆ ಶಬ್ದವಾದರೆ ದುರ್ಬಲ ಪದರ ಕುಸಿಯುತ್ತಿದೆಯೆಂದು ಅರ್ಥ. ಕಾಲಿನ ಸುತ್ತ ಬಿರುಕುಗಳು ಬಾಣದಂತೆ ಓಡಿದರೆ ಚಪ್ಪಡಿ ಸಿದ್ಧವಾಗಿದೆ. ದೊಡ್ಡ ಹಿಮ ಬಿದ್ದ ಮೊದಲ ಇಪ್ಪತ್ತನಾಲ್ಕು ಗಂಟೆಗಳು, ಬಿರುಗಾಳಿ ಬೀಸಿದ ಮರುದಿನ, ಹಠಾತ್ತನೆ ಹವೆ ಬೆಚ್ಚಗಾದ ಹೊತ್ತು, ಹಿಮದ ಮೇಲೆ ಮಳೆ ಬಿದ್ದ ದಿನ, ಇವು ಅಪಾಯದ ಕಾಲಗಳು. ಬಿರುಗಾಳಿ ಕಳೆದು ಆಕಾಶ ನೀಲಿಯಾದ ಬೆಳಗು ಎಲ್ಲರ ಮನಸ್ಸನ್ನೂ ಸೆಳೆಯುವುದು ಸಹಜ. ಆದರೆ ಆ ಬೆಳಗಿನಲ್ಲಿಯೇ ಹೊಸ ಹಿಮದ ಭಾರ ಇನ್ನೂ ಒಗ್ಗಿಕೊಂಡಿರುವುದಿಲ್ಲ.

ಬಲ್ಲವರು ಇಷ್ಟಕ್ಕೇ ತೃಪ್ತರಾಗುವುದಿಲ್ಲ. ಸುರಕ್ಷಿತವಾದ ಒಂದು ಜಾಗದಲ್ಲಿ ಗುಂಡಿ ತೋಡಿ, ಮೂವತ್ತು ಸೆಂಟಿಮೀಟರು ಉದ್ದಗಲದ ಹಿಮದ ಕಂಬವೊಂದನ್ನು ಕೊರೆದು ಬಿಡಿಸುತ್ತಾರೆ. ಅದರ ನೆತ್ತಿಯ ಮೇಲೆ ಸಲಿಕೆಯ ಅಲಗನ್ನಿಟ್ಟು ಮೊದಲು ಮಣಿಕಟ್ಟಿನಿಂದ ಹತ್ತು ಸಲ, ಆಮೇಲೆ ಮೊಣಕೈಯಿಂದ ಹತ್ತು ಸಲ, ಕೊನೆಗೆ ಭುಜದಿಂದ ಹತ್ತು ಸಲ ತಟ್ಟುತ್ತಾರೆ. ಎಷ್ಟನೆಯ ಪೆಟ್ಟಿಗೆ, ಯಾವ ಪದರದಲ್ಲಿ, ಎಷ್ಟು ನುಣ್ಣಗೆ ಕಂಬ ಮುರಿಯಿತೆಂಬುದನ್ನು ನೋಡಿ ಹಿಮದ ಹಿಡಿತವನ್ನು ಅಳೆಯುತ್ತಾರೆ. ಹೆಂಗಸರು ಅನ್ನ ಬೆಂದಿತೋ ಇಲ್ಲವೋ ಎಂದು ಒಂದಗುಳನ್ನು ಹಿಚುಕಿ ನೋಡುವಂತೆಯೇ ಇದು. ಆದರೆ ಬೆಟ್ಟ ಅನ್ನದ ತಪ್ಪಲೆಯಲ್ಲ. ಒಂದು ಅಗುಳು ಇಡೀ ಇಳಿಜಾರಿಗೆ ಸಾಕ್ಷಿಯಾಗಲಾರದು. ಪರೀಕ್ಷೆಯಲ್ಲಿ ಹಿಮ ಸೋತರೆ ಹಿಂದಿರುಗಬೇಕು. ಗೆದ್ದರೆ ಎಚ್ಚರ ತಪ್ಪದೆ ಮುಂದಿನದನ್ನು ಯೋಚಿಸಬೇಕು. ಅಷ್ಟೇ ಅದರ ಬೆಲೆ.

ಈ ವಿದ್ಯೆಯನ್ನು ಶಾಸ್ತ್ರವನ್ನಾಗಿ ಬೆಳೆಸಿದ ಕೀರ್ತಿಯಲ್ಲಿ ಸ್ವಿಟ್ಜರ್ಲೆಂಡಿಗೆ ದೊಡ್ಡ ಪಾಲಿದೆ. ದಾವೋಸ್ ಪಟ್ಟಣದ ಮೇಲಣ ಬೆಟ್ಟದಲ್ಲಿ ೧೯೩೦ರ ದಶಕದಲ್ಲಿಯೇ ವಿಜ್ಞಾನಿಗಳು ಹಿಮವನ್ನು ಕೊರೆದು ನೋಡಲಾರಂಭಿಸಿದರು. ೧೯೫೧ರ ಚಳಿಗಾಲದಲ್ಲಿ ಆ ಪುಟ್ಟ ದೇಶವೊಂದರಲ್ಲಿಯೇ ೯೮ ಜನ ಹಿಮಕುಸಿತಗಳಿಗೆ ಬಲಿಯಾದ ಮೇಲೆ ಬೆಟ್ಟಗಳ ಮೇಲೆ ತಡೆಗೋಡೆಗಳನ್ನು ಕಟ್ಟುವ ಕೆಲಸ ಭರದಿಂದ ಸಾಗಿತು. ಭಾರತದಲ್ಲಿ ೧೯೬೯ರಲ್ಲಿ ಮನಾಲಿಯಲ್ಲಿ ಇದಕ್ಕಾಗಿಯೇ ರಕ್ಷಣಾ ಇಲಾಖೆಯ ಒಂದು ಸಂಶೋಧನಾಲಯ ಹುಟ್ಟಿತು. ೨೦೨೦ರಲ್ಲಿ ಅದು ಮತ್ತೊಂದು ಪ್ರಯೋಗಾಲಯದೊಡನೆ ಸೇರಿ ಚಂಡೀಗಢದ ಕೇಂದ್ರದಿಂದ ಕೆಲಸ ಮಾಡುತ್ತಿದೆ. ಹಿಮಾಲಯದ ಜಿಲ್ಲೆಗಳಿಗೆ ಅದು ಚಳಿಗಾಲದಲ್ಲಿ ಹಿಮಕುಸಿತದ ಮುನ್ಸೂಚನೆಗಳನ್ನು ಹೊರಡಿಸುತ್ತದೆ.

ಯೂರೋಪಿನ ಮುನ್ಸೂಚನೆಗಳಲ್ಲಿ ಅಪಾಯಕ್ಕೆ ಐದು ಮೆಟ್ಟಿಲುಗಳುಂಟು. ಐದನೆಯದು ಅತ್ಯಂತ ಭಯಂಕರ. ಆದರೆ ಹೆಚ್ಚು ಜನ ಸಾಯುವುದು ಐದರಲ್ಲಿ ಅಲ್ಲ, ಮೂರರಲ್ಲಿ! ಐದೆಂದರೆ ಎಲ್ಲರೂ ಮನೆಯಲ್ಲಿ ಕುಳಿತಿರುತ್ತಾರೆ. ಮೂರೆಂದರೆ ಪರೀಕ್ಷೆಯಲ್ಲಿ ಪಾಸಾಗುವಷ್ಟು ಅಂಕ ಬಂದಿತೆಂಬ ಭಾವನೆಯಿಂದ ಹೊರಟುಬಿಡುತ್ತಾರೆ.

ಹತ್ತು ನಿಮಿಷಗಳ ಆಯುಷ್ಯ

ಇಷ್ಟೆಲ್ಲ ತಿಳಿದೂ ಕುಸಿತ ಬಂದೇಬಿಟ್ಟಿತೆನ್ನೋಣ. ಹರಿಯುತ್ತಿರುವಾಗ ಹಿಮ ನೀರಿನಂತಿರುತ್ತದೆ. ನಿಂತ ಮರುಗಳಿಗೆಯೇ ಕಾಂಕ್ರೀಟಿನಂತೆ ಬಿಗಿದುಕೊಳ್ಳುತ್ತದೆ. ಹೂತವನು ಬೆರಳನ್ನೂ ಅಲ್ಲಾಡಿಸಲಾರ. ಅವನನ್ನು ಕೊಲ್ಲುವುದು ಬಹುಮಟ್ಟಿಗೆ ಚಳಿಯಲ್ಲ, ಉಸಿರಿನ ಕೊರತೆ. ಅವನ ಉಸಿರಿನ ಬಿಸಿಗೆ ಮುಖದ ಮುಂದಿನ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಗಾಳಿಯಾಡದ ಮುಖವಾಡವಾಗುತ್ತದೆ. ಸ್ವಿಟ್ಜರ್ಲೆಂಡಿನ ಹಲವು ದಶಕಗಳ ದಾಖಲೆಗಳನ್ನು ಆಧರಿಸಿ ೨೦೨೪ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದರ ಪ್ರಕಾರ, ಹತ್ತು ನಿಮಿಷಗಳೊಳಗೆ ಹೊರತೆಗೆದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾಗುವ ಹೊತ್ತಿಗೆ ಬದುಕುವವರು ನೂರಕ್ಕೆ ಮೂವತ್ತರ ಆಸುಪಾಸು.

ಹತ್ತು ನಿಮಿಷದಲ್ಲಿ ಯಾವ ಹೆಲಿಕಾಪ್ಟರು ಬಂದೀತು? ಬದುಕಿಸಬಲ್ಲವರು ಜೊತೆಯಲ್ಲಿದ್ದವರು ಮಾತ್ರ. ಆದುದರಿಂದ ಹಿಮದ ಇಳಿಜಾರಿಗೆ ಹೋಗುವ ಪ್ರತಿಯೊಬ್ಬನ ಬಳಿಯೂ ಮೂರು ವಸ್ತುಗಳಿರಬೇಕೆಂಬುದು ಪಶ್ಚಿಮದ ಪರ್ವತಗಳಲ್ಲಿ ಶಾಸನಕ್ಕೆ ಸಮಾನವಾದ ರೂಢಿ. ಮೊದಲನೆಯದು, ಎದೆಗೆ ಕಟ್ಟಿಕೊಳ್ಳುವ ಪುಟ್ಟ ರೇಡಿಯೋ ಯಂತ್ರ. ಅದು ೪೫೭ ಕಿಲೋಹರ್ಟ್ಸ್ ತರಂಗದಲ್ಲಿ ಸದಾ ಸಂಕೇತವನ್ನು ಕಳುಹುತ್ತಿರುತ್ತದೆ. ಮೇಲುಳಿದವರು ತಮ್ಮ ಯಂತ್ರಗಳನ್ನು ಹುಡುಕುವ ಕಡೆಗೆ ತಿರುಗಿಸಿ ಹೂತವನ ಜಾಗವನ್ನು ಪತ್ತೆ ಮಾಡುತ್ತಾರೆ. ಎರಡನೆಯದು, ಮಡಿಸಿಟ್ಟುಕೊಳ್ಳಬಹುದಾದ ಉದ್ದನೆಯ ಸಲಾಕೆ. ಅದನ್ನು ಹಿಮಕ್ಕೆ ಚುಚ್ಚಿ ಎಷ್ಟು ಆಳದಲ್ಲಿದ್ದಾನೆಂದು ತಿಳಿಯುತ್ತಾರೆ. ಮೂರನೆಯದು ಲೋಹದ ಸಲಿಕೆ. ಒಂದು ಮೀಟರು ಆಳದಲ್ಲಿರುವವನನ್ನು ಹೊರಗೆಳೆಯಲು ಒಂದು ಟನ್ನಿಗೂ ಹೆಚ್ಚು ಹಿಮವನ್ನು ಎತ್ತಿಹಾಕಬೇಕಾಗುತ್ತದೆ. ಬರಿಗೈಯಲ್ಲಿ ಅದು ಆಗುವ ಮಾತಲ್ಲ. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ವ್ಯರ್ಥ. ಮೂರೂ ಇದ್ದು ಬಳಸಲು ಅಭ್ಯಾಸವಿಲ್ಲದಿದ್ದರೂ ವ್ಯರ್ಥವೇ.

ಅನುಮಾನವಿರುವ ಇಳಿಜಾರನ್ನು ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಬೇಕು. ಉಳಿದವರು ಸುರಕ್ಷಿತವಾದ ಕಡೆ ನಿಂತು ಅವನ ಮೇಲಿಟ್ಟ ಕಣ್ಣನ್ನು ತೆಗೆಯಬಾರದು. ಎಲ್ಲರೂ ಒಟ್ಟಿಗೆ ಹೂತರೆ ಅಗೆಯುವವರು ಯಾರು?

ತಿಳಿದವರೂ ಎಡವುವುದೇಕೆ?

ಇಯನ್ ಮೆಕ್ಯಾಮನ್ ಎಂಬ ಅಮೆರಿಕದ ಸಂಶೋಧಕರು ತಮ್ಮ ದೇಶದ ೭೧೫ ಹಿಮಕುಸಿತ ದುರಂತಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಸತ್ತವರಲ್ಲಿ ಹಿಮದ ವಿಷಯವನ್ನು ಕಲಿತವರು ಅನೇಕರಿದ್ದರು. ಅಪಾಯದ ಗುರುತುಗಳು ಅವರ ಕಣ್ಣೆದುರಿಗೇ ಇದ್ದುವು. ಹಾಗಿದ್ದೂ ಅವರು ಮುಂದೆ ನಡೆದುದೇಕೆ? ಅವರನ್ನು ಕೆಡಹಿದುದು ಹಿಮಕ್ಕಿಂತ ಮೊದಲು ಮನಸ್ಸು. 'ಈ ದಾರಿ ನನಗೆ ಪರಿಚಿತವಾದುದು' ಎಂಬ ಸಲಿಗೆ. 'ಇಷ್ಟು ದೂರ ಬಂದು ಬರಿಗೈಲಿ ಹೋಗುವುದೇ' ಎಂಬ ಹಟ. 'ಮುಂದಿನವರು ಹೋದರಲ್ಲ' ಎಂಬ ಕುರಿಮಂದೆಯ ನಂಬಿಕೆ. 'ನಾಯಕನಿಗೆ ಎಲ್ಲ ಗೊತ್ತು' ಎಂಬ ಭಕ್ತಿ. ಜೊತೆಯವರ ಮುಂದೆ ಅಂಜುಬುರುಕನೆನಿಸಿಕೊಳ್ಳಲಾರೆನೆಂಬ ಅಭಿಮಾನ. ಈ ಅವಕಾಶ ಮತ್ತೆ ಸಿಕ್ಕದೆಂಬ ಆತುರ.

ಇವು ಅಮೆರಿಕದವರಿಗೆ ಮಾತ್ರ ಇರುವ ದೌರ್ಬಲ್ಯಗಳೇನಲ್ಲ. ಬೆಂಗಳೂರಿನಿಂದ ಹೊರಡುವವನು ಕಚೇರಿಯಿಂದ ಒಂದು ವಾರದ ರಜೆಯನ್ನು ಕಷ್ಟಪಟ್ಟು ಪಡೆದಿರುತ್ತಾನೆ. ರೈಲಿಗೋ ವಿಮಾನಕ್ಕೋ ತಿಂಗಳ ಮೊದಲೇ ಹಣ ಕಟ್ಟಿರುತ್ತಾನೆ. ನೆಂಟರಿಷ್ಟರಿಗೆಲ್ಲ ಹೇಳಿರುತ್ತಾನೆ. ಹಿಂದಿರುಗುವ ಟಿಕೆಟ್ಟಿನ ತಾರೀಖು ಅವನ ಜೇಬಿನಲ್ಲಿದೆ. ಆದರೆ ಬೆಟ್ಟದ ಹವೆ ಆ ತಾರೀಖನ್ನು ನೋಡಿ ನಡೆಯುವುದಿಲ್ಲ.

ಹಿಮಪ್ರದೇಶದಲ್ಲಿ ಕುಸಿತವೊಂದೇ ಅಪಾಯವೆಂದೂ ತಿಳಿಯಬಾರದು. ೨೦೧೪ರ ಅಕ್ಟೋಬರ್ ೧೨ರಂದು ವಿಶಾಖಪಟ್ಟಣದ ಕರಾವಳಿಗೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಶೇಷ ಎರಡೇ ದಿನಗಳಲ್ಲಿ ನೇಪಾಳವನ್ನು ಮುಟ್ಟಿತು. ಅನ್ನಪೂರ್ಣಾ ಪ್ರದೇಶದಲ್ಲಿ ಅದು ಹಿಮದ ಬಿರುಗಾಳಿಯಾಗಿ ಸುರಿಯಿತು. ಚಾರಣಕ್ಕೆ ಅತ್ಯುತ್ತಮವೆನಿಸಿದ ಕಾಲದಲ್ಲಿ, ಸಹಸ್ರಾರು ಜನ ಪ್ರತಿವರ್ಷ ನಡೆಯುವ ದಾರಿಯ ಆಸುಪಾಸಿನಲ್ಲಿ, ನಲವತ್ತಕ್ಕೂ ಹೆಚ್ಚು ಮಂದಿ ಬಿರುಗಾಳಿಗೂ ಕುಸಿತಗಳಿಗೂ ಸಿಕ್ಕಿ ಮಡಿದರು. ೨೦೨೪ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಸರೋವರದ ಹಾದಿಯಲ್ಲಿ, ಹದಿನಾಲ್ಕು ಸಾವಿರ ಅಡಿಗಳಿಗೂ ಮೇಲೆ, ಕರ್ನಾಟಕದವರೇ ಹೆಚ್ಚಾಗಿದ್ದ ೨೨ ಜನರ ತಂಡ ಹಿಮ ಮತ್ತು ಬಿರುಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ಮರಳಿ ಬರಲಿಲ್ಲ. ಅಲ್ಲಿ ಕೊಂದುದು ಕುಸಿದ ಹಿಮವಲ್ಲ, ಗಾಳಿಯೊಡನೆ ಬಂದ ಚಳಿ. ಬೆಂಗಳೂರಿನ ಹಲವು ಬೀದಿಗಳಲ್ಲಿ ಆ ವಾರ ದೀಪ ಹತ್ತದ ಮನೆಗಳಿದ್ದುವು.

ಹಿಂದಿರುಗುವ ಧೈರ್ಯ

ಹಾಗಾದರೆ ಹಿಮಾಲಯಕ್ಕೆ ಹೋಗಲೇಬಾರದೇ? ಹಾಗೆಂದವರು ಯಾರು? ಈಜು ಕಲಿತು ಹೊಳೆಗಿಳಿಯೆಂದು ಹೇಳುವವನು ಹೊಳೆಯ ವೈರಿಯಲ್ಲ. ಮಗನನ್ನೋ ಮಗಳನ್ನೋ ಬೆಟ್ಟಕ್ಕೆ ಕಳುಹಿಸುವ ಮನೆಯವರು ಚಕ್ಕುಲಿಯ ಡಬ್ಬಿಯನ್ನು ಚೀಲದೊಳಗಿಡುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ಹೋಗುವ ಕಡೆ ಕಳೆದ ವಾರ ಹಿಮ ಬಿದ್ದಿದೆಯೇ? ಮುನ್ಸೂಚನೆಯನ್ನು ಓದಿ ಹೇಳುವವರು ತಂಡದಲ್ಲಿ ಯಾರಿದ್ದಾರೆ? ಒಬ್ಬರು ಹೂತರೆ ಹುಡುಕಿ ಅಗೆಯುವ ಸಾಧನಗಳೂ ಅಭ್ಯಾಸವೂ ಉಂಟೆ? ಯಾವ ಗುರುತನ್ನು ಕಂಡರೆ, ಎಷ್ಟು ಹೊತ್ತಾದರೆ ಹಿಂದಿರುಗುವುದೆಂದು ಹೊರಡುವ ಮೊದಲೇ ನಿಶ್ಚಯವಾಗಿದೆಯೇ?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ಶಿಖರದ ಕೆಳಗೆ ನಿಂತಾಗ 'ಬೇಡ' ಎನ್ನುವುದು ಬಹಳ ಕಷ್ಟ. ಅಲ್ಲಿ ಆಸೆ ಮಾತಾಡುತ್ತದೆ. ಮನೆಯಲ್ಲಿ ಕುಳಿತು ಮಾಡಿದ ನಿಶ್ಚಯ ಮಾತ್ರ ಅಲ್ಲಿ ಬುದ್ಧಿಯ ಪರವಾಗಿ ನಿಲ್ಲುತ್ತದೆ. ತಂಡದಲ್ಲಿ ಅತ್ಯಂತ ಕಿರಿಯನೇ 'ಸಾಕು, ಹಿಂದಿರುಗೋಣ' ಎಂದರೂ ಯಾರೂ ನಗದೆ ತಿರುಗಬೇಕೆಂಬ ಕಟ್ಟುಪಾಡು ಮೊದಲೇ ಆಗಿರಬೇಕು.

ಸೋನಂ ಠಾಣೆಯ ಹತ್ತು ಮಂದಿಗೆ ತಿರುಗಿ ಬರುವ ಅವಕಾಶವಿರಲಿಲ್ಲ. ಗಡಿ ಅವರನ್ನು ಅಲ್ಲಿ ನಿಲ್ಲಿಸಿದ್ದಿತು. ಆ ಅವಕಾಶವಿರುವವರು ಅದನ್ನು ಹೇಡಿತನವೆಂದು ಕಡೆಗಣಿಸಿ ಕಳೆದುಕೊಂಡರೆ ಅದಕ್ಕಿಂತ ವಿಷಾದಕರವಾದುದು ಮತ್ತೇನಿದೆ? ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಮುಂದಿನ ವರ್ಷವೂ ಅದು ಅಲ್ಲಿಯೇ ಇರುತ್ತದೆ. ಅದನ್ನು ನೋಡಲು ನಾವೂ ಇರಬೇಕು.